ಸಣ್ಣ ರೈತರಿಗೆ ಅಗ್ಗದ ತಂತ್ರಜ್ಞಾನ: ಖಾಸಗಿ ವ್ಯಾಪಾರದ ದಾರಿ ಸರಿಯೇ?

ಪರ: ಮೂರನೆಯ ವರ್ಷವೂ ಓಡಬೇಕಲ್ಲ

ಬದುಕಿನ ಬಹುಭಾಗವನ್ನು ಸರ್ಕಾರಿ ಕೃಷಿ ವಿಸ್ತರಣೆಯಲ್ಲಿ, ಅಂದರೆ ಹೊಸ ಬೇಸಾಯ ವಿಧಾನಗಳನ್ನು ರೈತರಿಗೆ ಮುಟ್ಟಿಸುವ ಕೆಲಸದಲ್ಲಿ, ಕಳೆದವನಿಗೆ ಖಾಸಗಿ ವ್ಯಾಪಾರದ ಪರವಾಗಿ ಬರೆಯಿರಿ ಎಂದು ಸಂಪಾದಕರು ಹೇಳಿದಾಗ ನಗು ಬಂದಿತು. ಪೂರ್ಣ ಮನಸ್ಸಿನಿಂದ ಒಪ್ಪಿಕೊಂಡೆನೆಂದು ಹೇಳಲಾರೆ. ಆದರೂ ಒಂದು ಮಾತನ್ನು ಅನುಭವವೇ ಹೇಳಿಸುತ್ತದೆ: ಉಪಕರಣವನ್ನು ರೈತನ ಕೈಗೆ ಕೊಡುವುದು ಸುಲಭ, ಮೂರನೆಯ ವರ್ಷವೂ ಅದು ಓಡುತ್ತಿರುವಂತೆ ನೋಡಿಕೊಳ್ಳುವುದು ಕಷ್ಟ. ಜಗತ್ತಿನಲ್ಲಿ 60 ಕೋಟಿಗೂ ಹೆಚ್ಚು ಹಿಡುವಳಿಗಳಿದ್ದು, ಅವುಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ಎರಡು ಹೆಕ್ಟೇರಿಗಿಂತ ಚಿಕ್ಕವು. ಇಷ್ಟು ಹೊಲಗಳಿಗೆ ಯಾವ ಇಲಾಖೆ ತಾನೇ ಸಮಯಕ್ಕೆ ಸರಿಯಾಗಿ ಒಂದು ವಾಷರ್ ಮುಟ್ಟಿಸೀತು?

ಬಾಂಗ್ಲಾದೇಶದ ಕಾಲಿನಿಂದ ತುಳಿಯುವ ಪಂಪನ್ನೇ ನೋಡಿ. 1970ರ ದಶಕದ ಕೊನೆಯಲ್ಲಿ ರಂಗಪುರದ ಕಡೆ ರೂಪುಗೊಂಡ ಈ ಪಂಪಿನಲ್ಲಿ ಇರುವುದು ಎರಡು ಸಿಲಿಂಡರು, ಎರಡು ಬಿದಿರಿನ ತುಳಿಮಣೆ, ಅಷ್ಟೇ. ಮೆಟ್ಟಿಲು ಹತ್ತುವವರಂತೆ ಒಂದೊಂದು ಕಾಲನ್ನೂ ಒತ್ತುತ್ತ ಹೋದರೆ ಸುಮಾರು 7 ಮೀಟರ್ ಆಳದವರೆಗಿನ ನೀರು ಮೇಲೆ ಬರುತ್ತದೆ. ಐಡಿಇ ಎಂಬ ಸಂಸ್ಥೆ ಇದನ್ನು ಪುಕ್ಕಟೆಯಾಗಿ ಹಂಚಲು ಹೋಗಲಿಲ್ಲ. ಸಣ್ಣ ಕಾರ್ಖಾನೆಗಳಲ್ಲಿ ತಯಾರಿಸಲು, ವ್ಯಾಪಾರಿಗಳು ಮಾರಲು, ಕೊಳವೆ ಇಳಿಸುವ ಕಸುಬುದಾರರು ಅಳವಡಿಸಲು ಬೇಕಾದ ವ್ಯವಸ್ಥೆ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಪಂಪುಗಳು ಮಾರಾಟವಾದವು. ವಾಷರ್ ಸವೆದರೆ ಮಾರಿದವನೇ ಹೊಸದನ್ನು ಕೊಡುತ್ತಿದ್ದ, ಏಕೆಂದರೆ ಅದರಲ್ಲೂ ಅವನಿಗೆ ನಾಲ್ಕು ಕಾಸಿತ್ತು. 1980ರ ದಶಕದ ಕೊನೆಗೆ ಅಲ್ಲಿನ ಸರ್ಕಾರ ಸಣ್ಣ ಡೀಸೆಲ್ ಎಂಜಿನ್‌ಗಳ ಆಮದಿನ ಮೇಲಿನ ಬಿಗಿ ಸಡಿಲಿಸಿದಾಗ ಅವೂ ಹೀಗೆಯೇ ಹರಡಿದವು. ಕೊಂಡವರು ಪಕ್ಕದ ಹೊಲಗಳಿಗೂ ನೀರು ಮಾರತೊಡಗಿದ್ದರಿಂದ ಎಂಜಿನ್ ಕೊಳ್ಳಲಾರದವನ ಗದ್ದೆಯೂ ನೆನೆಯಿತು.

ಇದಕ್ಕೆ ಎದುರಾಗಿ ಜಿಂಬಾಬ್ವೆಯಲ್ಲಿ 2000ದ ದಶಕದಲ್ಲಿ ಪರಿಹಾರ ಕಾರ್ಯಕ್ರಮಗಳ ಭಾಗವಾಗಿ ಹಂಚಿದ ಹನಿ ನೀರಾವರಿ ಕಿಟ್‌ಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಇಲ್ಲಿ ನಾನೂ ಅಂಥವನ್ನು ಹಂಚಿದವನೇ. ಸಹಿ ಹಾಕಿಸಿಕೊಂಡು ಕೊಟ್ಟ ಪೈಪುಗಳು ಮುಂದಿನ ಸಲ ಹೋದಾಗ ಬಟ್ಟೆ ಒಣಹಾಕುವ ಹಗ್ಗವಾಗಿದ್ದವು.

ಲಾಭವೆಂಬ ಪದ ಕಿವಿಗೆ ಬಿದ್ದೊಡನೆ ಕೆಂಡ ತುಳಿದವರಂತೆ ಆಡುವವರಿಗೆ ರೈತನೆಂದರೆ ಯಾರು ಏನು ತೋರಿಸಿದರೂ ಮೋಸಹೋಗುವ ಮುಗ್ಧ. ಕೊಳ್ಳುವ ಮುನ್ನ ಹತ್ತು ಸಲ ತಿರುಗಿಸಿ ನೋಡುವ ಜಾಣನನ್ನು ಅವರು ಕಂಡಂತಿಲ್ಲ. ಸಾಲದ ಪ್ರಶ್ನೆ ಇದೆ, ನಿಜ. ಅದಕ್ಕೆ ಬೇರೆಯದೇ ಲೇಖನ ಬೇಕು.

ವಿರೋಧ: ಬಿಸಿಲಿತ್ತು, ನೀರಿತ್ತು, ಪಂಪಿಗೆ ಬೀಗ

ಐದು ಕಂತುಗಳನ್ನು ಸರಿಯಾಗಿ ಕಟ್ಟಿ ಆರನೆಯದಕ್ಕೆ ತಡಮಾಡಿದ ಹತ್ತನೆಯ ದಿನ ನನ್ನ ಸೌರ ಪಂಪು ನಿಂತಿತು. ಕೆಟ್ಟು ನಿಂತದ್ದಲ್ಲ. ಬುತ್ತಿಡಬ್ಬಿಯಷ್ಟು ದೊಡ್ಡದಾದ ಅದರ ನಿಯಂತ್ರಣ ಪೆಟ್ಟಿಗೆಯೊಳಗೆ ಒಂದು ಸಿಮ್ ಕಾರ್ಡ್ ಇರುತ್ತದೆ. ಕಂತು ತಪ್ಪಿದರೆ ಎಲ್ಲೋ ಕುಳಿತ ಕಂಪ್ಯೂಟರು ಅದಕ್ಕೆ ಸಂದೇಶ ಕಳಿಸಿ ಬೀಗ ಹಾಕುತ್ತದೆ, ಹಸಿರು ದೀಪ ಕೆಂಪಾಗುತ್ತದೆ. ಬಾವಿಯಲ್ಲಿ ನೀರಿತ್ತು, ಫಲಕದ ಮೇಲೆ ಸುಡುಬಿಸಿಲಿತ್ತು, ಟೊಮೆಟೊ ಹೂಬಿಟ್ಟಿತ್ತು. ಸಹಾಯವಾಣಿಗೆ ಕರೆಮಾಡಿದರೆ ಧ್ವನಿಮುದ್ರಿತ ಸಂದೇಶವೊಂದು ಬಾಕಿಯ ಮೊತ್ತವನ್ನು ಓದಿ ಹೇಳಿ ವಂದನೆ ಸಲ್ಲಿಸಿತು. ನಾಲ್ಕು ದಿನ ನಾನೂ ನನ್ನ ಹೆಂಡತಿಯೂ ಕೊಡದಲ್ಲಿ ನೀರು ಹೊತ್ತು ಬುಡಬುಡಕ್ಕೆ ಹೊಯ್ದೆವು. ಐದನೆಯ ದಿನ ಸಾಲ ತಂದು ಕಟ್ಟಿದೆ. ಎರಡೇ ನಿಮಿಷಕ್ಕೆ ದೀಪ ಹಸಿರಾಯಿತು. ಅಷ್ಟರಲ್ಲಿ ಅರ್ಧಕ್ಕರ್ಧ ಹೂವು ಉದುರಿತ್ತು. ಕಂಪನಿ ಮೋಸ ಮಾಡಿತೆಂದು ನಾನು ಹೇಳುತ್ತಿಲ್ಲ. ಎಲ್ಲವೂ ಕರಾರಿನಲ್ಲಿಯೇ ಇತ್ತು, ಸಹಿ ನನ್ನದೇ. ಕಂತು ತಿಂಗಳಿಗೊಮ್ಮೆ ಬರುತ್ತದೆ, ದುಡ್ಡು ಬೆಳೆ ಬಂದಾಗ ಬರುತ್ತದೆ ಎಂಬ ಸಾಮಾನ್ಯ ಸಂಗತಿ ಕರಾರು ಬರೆದವರಿಗೆ ಹೊಳೆದಿರಲಿಲ್ಲ, ಅಥವಾ ಹೊಳೆಯಬೇಕಾದ ಅಗತ್ಯವಿರಲಿಲ್ಲ.

ಖಾಸಗಿಯವರ ಪರ ಮಾತನಾಡುವವರು ಬಿಡಿಭಾಗದ ಕಥೆಯನ್ನು ಬಹಳ ಹೇಳುತ್ತಾರೆ. ನನ್ನ ಪಂಪಿಗೆ ಬೇಕಿದ್ದದ್ದು ಬಿಡಿಭಾಗವಲ್ಲ, ಅನುಮತಿ.

ವ್ಯಾಪಾರಿಗೆ ಬೇಕಾದುದು ಮತ್ತೆ ಮತ್ತೆ ಮಾರಬಹುದಾದ ಸರಕು. ಹೈಬ್ರಿಡ್ ಜೋಳದ ಕಾಳನ್ನೇ ಮರುವರ್ಷ ಬಿತ್ತಿದರೆ ಕಸುವು ಇಳಿಯುತ್ತದೆಯಾದ್ದರಿಂದ ರೈತ ಪ್ರತಿವರ್ಷ ಬೀಜ ಕೊಳ್ಳಲೇಬೇಕು. ಹಾಗಾಗಿ ಅಲ್ಲಿ ಕಂಪನಿಗಳು ಮುಗಿಬೀಳುತ್ತವೆ. ಭತ್ತ, ಗೋಧಿಗಳ ಸಾಮಾನ್ಯ ತಳಿಗಳ ಬೀಜವನ್ನು ಮನೆಯಲ್ಲೇ ಎತ್ತಿಟ್ಟುಕೊಳ್ಳಬಹುದು, ಆದ್ದರಿಂದ ಅವುಗಳ ತಳಿ ಅಭಿವೃದ್ಧಿಯ ಹೊರೆ ಬಹುಕಾಲ ಸಾರ್ವಜನಿಕ ಸಂಸ್ಥೆಗಳ ಮೇಲೆಯೇ ಬಿದ್ದಿತು. 1966ರಲ್ಲಿ ಬಿಡುಗಡೆಯಾದ ಐಆರ್ 8 ಭತ್ತ ಬಂದದ್ದು ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ, ಯಾವ ಬೀಜ ಕಂಪನಿಯಿಂದಲೂ ಅಲ್ಲ. ಎಲ್ಲರೂ ಉದಾಹರಿಸುವ ಕಾಲಿನಿಂದ ತುಳಿಯುವ ಪಂಪು ಕೂಡ ನೆರವು ಸಂಸ್ಥೆಯೊಂದರ ಕೂಸು. ಅದನ್ನು ಜನಪ್ರಿಯಗೊಳಿಸಿದ ಐಡಿಇ ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ, ಪ್ರಚಾರದ ಖರ್ಚು ಹೊತ್ತವರು ದಾನಿಗಳು. ಸಸಿ ನೆಟ್ಟು ನೀರೆರೆದವರನ್ನು ಮರೆತು ಹಣ್ಣು ಮಾರಿದವನಿಗೆ ಶಾಲು ಹೊದಿಸುವುದು ಯಾವ ನ್ಯಾಯ?

ಮಾರಲು ಬಾರದ ತಂತ್ರಜ್ಞಾನವೂ ಇದೆ. ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಕೀಟನಾಶಕ ಹೆಚ್ಚಿದಷ್ಟೂ ಕಂದು ಜಿಗಿಹುಳು ಹೆಚ್ಚಿತು, ಏಕೆಂದರೆ ಜಿಗಿಹುಳುವನ್ನು ತಿನ್ನುವ ಜೇಡಗಳು ಮೊದಲು ಸತ್ತವು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ಕೆಲವು ವರ್ಷಗಳಲ್ಲಿ ರೈತರನ್ನು ವಾರವಾರವೂ ಗದ್ದೆಗಿಳಿಸಿ, ಯಾವುದು ಮಿತ್ರಕೀಟ, ಯಾವುದು ಶತ್ರುಕೀಟ ಎಂದು ಅವರಿಂದಲೇ ಎಣಿಸಿಸುವ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಇದಕ್ಕಿಂತ ಅಗ್ಗದ ತಂತ್ರಜ್ಞಾನ ಯಾವುದಿದೆ? ಆದರೆ ರೋಗ ಗುರುತಿಸುವವನೂ ಔಷಧ ಮಾರುವವನೂ ಒಬ್ಬನೇ ಆದಾಗ ‘ಈ ವಾರ ಸಿಂಪಡಿಸಬೇಡ’ ಎಂಬ ಸಲಹೆ ಅವನ ಬಾಯಿಂದ ಬಂದೀತೆಂದು ನಂಬಲು ನನಗೆ ಕಷ್ಟ.

ಗೇಣಿಗೆ ಉಳುವವನ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಹೊಲದ ಪತ್ರವಿಲ್ಲದವನಿಗೆ ಕಂತಿನ ಮೇಲೆ ಪಂಪು ಸಿಗದು, ನನಗಾದರೂ ಪತ್ರವಿತ್ತು.

ಬೆಳೆ ಹೊಲದಲ್ಲಿರುವಷ್ಟು ಕಾಲ ಬೀಗ ಹಾಕಬಾರದು, ಬೇಕಿದ್ದರೆ ಕೊಯ್ಲಿನ ನಂತರ ಬಡ್ಡಿ ಸೇರಿಸಿ ತೆಗೆದುಕೊಳ್ಳಿ ಎಂಬ ಒಂದು ಷರತ್ತನ್ನು ಕರಾರಿಗೆ ಸೇರಿಸುವಂತೆ ಕಂಪನಿಗೆ ಪತ್ರ ಬರೆದಿದ್ದೇನೆ. ಇದುವರೆಗೆ ಬಂದಿರುವುದು ಮುಂದಿನ ಕಂತಿನ ನೆನಪೋಲೆ ಮಾತ್ರ.