ಮನೆಯ ಫೋಟೋಗಳನ್ನು ಫ್ರೀ ಜಾಗದಲ್ಲಿ ಇಡಬೇಡಿ

ಮದುವೆ ಸೀಸನ್ ಮುಗಿಯುತ್ತಾ ಬಂದ ಹಾಗೆ ನನಗೆ ಬರುವ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. "ಅಕ್ಕಾ, ಫೋನ್ ತುಂಬಿ ಹೋಗಿದೆ. ಫೋಟೋ ಎಲ್ಲಾ ಹಾಕಿಡೋಕೆ ಒಂದು ಫ್ರೀ ವೆಬ್‌ಸೈಟ್ ಹೇಳಿ." ಒಬ್ಬೊಬ್ಬರಿಗೂ ಉತ್ತರ ಬರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ಫ್ರೀ ಜಾಗ ನಂಬಬೇಡಿ. ವರ್ಷಕ್ಕೆ ಸಾವಿರ, ಸಾವಿರದೈನೂರು ರೂಪಾಯಿ ಕೊಡಿ. ಕೊಡುವ ಮೊದಲು ಎಷ್ಟು ಜಿಬಿ ಸಿಗುತ್ತೆ ಅಂತ ಮಾತ್ರ ನೋಡಬೇಡಿ. ನಾಳೆ ಇವರ ಸಹವಾಸ ಬೇಡ ಅನ್ನಿಸಿದರೆ ನನ್ನ ಫೋಟೋಗಳನ್ನು ತೆಗೆದ ಹಾಗೇ, ಒಂದೂ ಬಿಡದೆ ವಾಪಸ್ ತಗೊಂಡು ಹೊರಗೆ ಬರಬಹುದಾ? ಇದನ್ನು ಮೊದಲು ನೋಡಿ.

ಫ್ರೀ ಅಂದವರು ಏನು ಮಾಡಿದರು ಅಂತ ನೆನಪಿದೆ ಅಲ್ವಾ? ಫೇಸ್‌ಬುಕ್ ಥರ ಇದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್‌ನದೇ ಫೋಟೋ ಸೇವೆ ಪಿಕಾಸಾ 2016ರಲ್ಲಿ ನಿಂತಿತು. ಫೋಟೋ ಇಡುವ ವೆಬ್‌ಸೈಟ್ ಫ್ಲಿಕರ್ 2013ರಲ್ಲಿ ಎಲ್ಲರಿಗೂ ಒಂದು ಟಿಬಿ (ಸುಮಾರು ಸಾವಿರ ಜಿಬಿ) ಜಾಗ ಫ್ರೀ ಅಂತ ಕರೆಯಿತು. 2018ರಲ್ಲಿ ಸ್ಮಗ್‌ಮಗ್ ಅನ್ನುವ ಕಂಪನಿ ಅದನ್ನು ಕೊಂಡುಕೊಂಡಿತು, ಮಾರನೇ ವರ್ಷದಿಂದ ಫ್ರೀ ಖಾತೆಗೆ ಸಾವಿರ ಫೋಟೋ ಮಾತ್ರ ಅಂತಾಯಿತು. ಜಾಸ್ತಿ ಇದ್ದರೆ ಹಳೆಯವು ಮೊದಲು ಅಳಿಸಿಹೋಗುತ್ತವೆ ಅಂತ ನೋಟಿಸ್ ಕೊಟ್ಟರು. ಇಂಥದ್ದೇ ಇನ್ನೊಂದು ವೆಬ್‌ಸೈಟ್ ಫೋಟೋಬಕೆಟ್ ಇನ್ನೂ ಕೆಟ್ಟದಾಗಿ ನಡೆದುಕೊಂಡಿತು. ಅಲ್ಲಿ ಇಟ್ಟ ಚಿತ್ರಗಳನ್ನು ಬೇರೆ ವೆಬ್‌ಸೈಟಿನಲ್ಲಿ ತೋರಿಸಬೇಕು ಅಂದರೆ ವರ್ಷಕ್ಕೆ ಸುಮಾರು 400 ಡಾಲರ್ ಕಟ್ಟಿ ಅಂತ 2017ರಲ್ಲಿ ಏಕಾಏಕಿ ಹೇಳಿತು. ಗೂಗಲ್ ಫೋಟೋಸ್ ಕೂಡ ಎಷ್ಟು ಬೇಕಾದರೂ ಹಾಕಿ ಅಂತಲೇ ಶುರುವಾದದ್ದು. 2021ರ ಜೂನ್ 1ಕ್ಕೆ ಅದು ಮುಗಿಯಿತು. ಈಗ 15 ಜಿಬಿ ಫ್ರೀ, ಅದರಲ್ಲೇ ಜಿಮೇಲ್ ಮತ್ತು ಡ್ರೈವ್ ಕೂಡ ಹಿಡಿಯಬೇಕು. ಜಾಗ ತುಂಬಿದರೆ ಮೇಲ್ ಬರುವುದೂ ನಿಂತುಹೋಗುತ್ತದೆ. ಎರಡು ವರ್ಷ ಖಾತೆ ಮುಟ್ಟದೇ ಬಿಟ್ಟರೆ ಒಳಗಿದ್ದದ್ದನ್ನೆಲ್ಲ ಅಳಿಸಬಹುದು ಅನ್ನುವ ನಿಯಮವೂ ಇದೆ.

ಇವರಲ್ಲಿ ಯಾರೂ ಕಳ್ಳರಲ್ಲ. ಸರ್ವರ್ ಓಡಿಸಲು ಕರೆಂಟ್ ಬೇಕು, ಜನ ಬೇಕು. ನಾವು ದುಡ್ಡು ಕೊಡದೇ ಇದ್ದರೆ ಕೇಳುವ ಹಕ್ಕೂ ಇರುವುದಿಲ್ಲ, ಅಷ್ಟೇ.

ಹಾಗಾದರೆ ಪ್ರಿಂಟ್ ಹಾಕಿಸಿ ಆಲ್ಬಂನಲ್ಲಿ ಇಟ್ಟುಕೊಳ್ಳೋಣ, ಇಲ್ಲ ಹಾರ್ಡ್‌ಡಿಸ್ಕ್ ತರೋಣ ಅನ್ನುತ್ತೀರಿ. ಎರಡೂ ಮಾಡಿ. ಆದರೆ ಅಷ್ಟನ್ನೇ ನಂಬಬೇಡಿ. ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಲ್ಬಂ ತೆರೆದರೆ ಪ್ಲಾಸ್ಟಿಕ್ ಹಾಳೆಗೆ ಫೋಟೋ ಅಂಟಿಕೊಂಡಿರುತ್ತೆ. ಎಳೆದರೆ ಮುಖದ ಬಣ್ಣ ಹಾಳೆಯ ಜೊತೆಗೇ ಎದ್ದು ಬರುತ್ತೆ. ಅಂಚಿನಲ್ಲೆಲ್ಲ ಬಿಳಿ ಬೂಷ್ಟು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದು ಸಿಡಿಲು ಹೊಡೆದರೆ ಮೋಡೆಮ್, ಕಂಪ್ಯೂಟರ್ ಎರಡೂ ಸುಡುತ್ತವೆ. ಚುಚ್ಚಿಟ್ಟ ಹಾರ್ಡ್‌ಡಿಸ್ಕ್ ಉಳಿಯುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಫೋಟೋ ಜೋಪಾನ ಮಾಡುವವರು ಹೇಳುವ ಹಳೇ ಲೆಕ್ಕ ಒಂದಿದೆ: ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ನಮ್ಮ ಕಡೆ ಆ ಮೂರನೆಯದೇ ಮುಖ್ಯ.

ನಮ್ಮ ಚಿಕ್ಕಪ್ಪನ ಮಗಳ ಮದುವೆ ಹಾಸನದಲ್ಲಿ ಆಯಿತು. ಸ್ಟುಡಿಯೋದವರು ಆಲ್ಬಂ ಕೊಟ್ಟರು, ಉಳಿದ ಫೋಟೋಗಳಿಗೆ ಒಂದು ಲಿಂಕ್ ಕಳಿಸಿದರು. ಎಲ್ಲರೂ ಲಿಂಕ್ ಒತ್ತಿ ನೋಡಿದರು, ಚೆಂದ ಬಂದಿದೆ ಅಂದರು. ಯಾರೂ ಇಳಿಸಿಕೊಳ್ಳಲಿಲ್ಲ. ಕೆಲವು ತಿಂಗಳು ಕಳೆದು ಅಜ್ಜಿ ಧಾರೆ ಎರೆಯುವ ಒಂದು ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣ ಅಂತ ಹೋದರೆ ಲಿಂಕ್ ಸತ್ತಿತ್ತು. ಸ್ಟುಡಿಯೋಗೆ ಫೋನ್ ಮಾಡಿದರೆ, "ಮುಂದಿನ ಸೀಸನ್‌ಗೆ ಡಿಸ್ಕ್ ಖಾಲಿ ಮಾಡಿದ್ವಿ ಮೇಡಂ, ಲಿಂಕ್ ಮೂರು ತಿಂಗಳು ಅಂತ ಬಿಲ್ಲಲ್ಲೇ ಇದೆ" ಅಂದರು. ಬಿಲ್ ತಿರುಗಿಸಿ ನೋಡಿದರೆ ಹಿಂದುಗಡೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ ಇತ್ತು. ಉಳಿದದ್ದು ವಾಟ್ಸಾಪಿನಲ್ಲಿ ಯಾರೋ ಫಾರ್ವರ್ಡ್ ಮಾಡಿದ ಪ್ರತಿ. ದೊಡ್ಡದು ಮಾಡಿದರೆ ಅಜ್ಜಿಯ ಕೈ, ತಂಬಿಗೆ, ನೀರಿನ ಧಾರೆ ಎಲ್ಲಾ ಕಲಸಿಹೋಗಿ ಚೌಕ ಚೌಕ ಕಾಣುತ್ತಿತ್ತು. ಮೂರು ತಿಂಗಳಿಗೆ ಸಾಯುವ ಲಿಂಕ್ ಕೊಡುವವರು ಅದನ್ನು ಬಾಯಿಬಿಟ್ಟು ಹೇಳಬೇಕು. ನಾನು ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ವಾಟ್ಸಾಪ್ ಫೋಟೋವನ್ನು ಕುಗ್ಗಿಸಿಯೇ ಕಳಿಸುತ್ತದೆ. ಬೇಲೂರಿನ ದರ್ಪಣ ಸುಂದರಿಯ ಫೋಟೋ ತೆಗೆದು ಮಾಮೂಲಿ ರೀತಿಯಲ್ಲಿ ಕಳಿಸಿ ನೋಡಿ. ಕೊರಳ ಸರದ ಮಣಿ ಮಣಿಯೂ ಫೋನಿನಲ್ಲಿ ಕಾಣುತ್ತಿದ್ದದ್ದು ಆ ಕಡೆ ಒಂದು ಕಪ್ಪು ಪಟ್ಟಿ ಆಗಿರುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಒರಿಜಿನಲ್ ಹೋಗುತ್ತೆ. ಆದರೆ ಹಾಗೆ ಕಳಿಸಿದಾಗ, ಎಲ್ಲಿ ತೆಗೆದದ್ದು ಅನ್ನುವ ಜಿಪಿಎಸ್ ವಿವರವೂ ಫೋಟೋದ ಜೊತೆ ಹೋಗಬಹುದು. ಮನೆಯಂಗಳದಲ್ಲಿ ತೆಗೆದ ಮಗುವಿನ ಫೋಟೋ ಕಳಿಸುವಾಗ ಇದು ಗೊತ್ತಿರಲಿ.

ಇನ್ನು ಯಾವುದು ತಗೋಬೇಕು? ಹೆಚ್ಚಿನ ಮನೆಗಳಿಗೆ ಗೂಗಲ್ ವನ್ (ಗೂಗಲ್ ದುಡ್ಡಿಗೆ ಕೊಡುವ ಜಾಗ) ಅದರ 100 ಜಿಬಿ ಸಾಕು. ತಿಂಗಳಿಗೆ 130 ರೂಪಾಯಿ ಆಸುಪಾಸು, ವರ್ಷದ್ದು ಒಟ್ಟಿಗೆ ಕಟ್ಟಿದರೆ 1300ರ ಆಸುಪಾಸು. ಒಂದು ಫೋಟೋ 4 ಎಂಬಿ ಅಂತ ಹಿಡಿದರೆ 25,000 ಫೋಟೋ ಹಿಡಿಯುತ್ತೆ. ವಿಡಿಯೋ ಜಾಸ್ತಿ ಇದ್ದರೆ ಬೇಗ ತುಂಬುತ್ತದೆ. ಮನೆಯ ಇನ್ನೂ ಐದು ಜನಕ್ಕೆ ಅದೇ ಜಾಗ ಹಂಚಬಹುದು, ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣಲ್ಲ. ಬಿಟ್ಟು ಬರಬೇಕು ಅಂದರೆ ಟೇಕ್‌ಔಟ್ ಅಂತ ಇದೆ, ಎಲ್ಲವನ್ನೂ ಇಳಿಸಿಕೊಳ್ಳಬಹುದು. ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಕ್ವಾಲಿಟಿ' ಆರಿಸಿಕೊಳ್ಳಿ. 'ಸ್ಟೋರೇಜ್ ಸೇವರ್' ಆನ್ ಇದ್ದರೆ ಗೂಗಲ್ ಕೂಡ ಫೋಟೋ ಕುಗ್ಗಿಸುತ್ತದೆ. ಐಫೋನಿನವರಿಗೆ ಐಕ್ಲೌಡ್ 5 ಜಿಬಿ ಫ್ರೀ, ಮೇಲಿನದಕ್ಕೆ ದುಡ್ಡು.

ಕಂಪನಿಯವರೂ ನೋಡಬಾರದು ಅನ್ನುವವರಿಗೆ ಎಂಟೆ (Ente) ಅನ್ನುವ ಸೇವೆ ಇದೆ. ಫೋಟೋ ನಿಮ್ಮ ಫೋನಿನಲ್ಲೇ ಬೀಗ ಬಿದ್ದು ಹೋಗುತ್ತದೆ, ಕೀ ನಿಮ್ಮ ಹತ್ತಿರ ಮಾತ್ರ. ಪಾಸ್‌ವರ್ಡೂ ಹೋಯಿತು, ಅವರು ಕೊಡುವ 24 ಪದಗಳ ರಿಕವರಿ ಕೀಯೂ ಹೋಯಿತು ಅಂದರೆ ಯಾರೂ ತೆಗೆದುಕೊಡಲಾರರು. ಹಾಗಾಗಿ ಪದಗಳನ್ನು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಇಡಿ. ಐಫೋನಿನಲ್ಲೂ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಿದರೆ ಇಂಥದ್ದೇ ಬೀಗ.

ಮನೆಯ ಫೋಟೋ ಹೊರಗೆ ಹೋಗುವುದು ಹೆಚ್ಚಾಗಿ ಹ್ಯಾಕರ್‌ಗಳಿಂದ ಅಲ್ಲ, ನಾವೇ ಹಂಚುವ ಲಿಂಕಿನಿಂದ. ನಾಮಕರಣದ ಆಲ್ಬಂ ಲಿಂಕನ್ನು ಫ್ಯಾಮಿಲಿ ಗ್ರೂಪಿಗೆ ಹಾಕುತ್ತೀರಿ. ಲಿಂಕ್ ಇದ್ದವರೆಲ್ಲ ನೋಡಬಹುದು. ಅತ್ತೆ ಅದನ್ನು ಸಂಘದ ಗ್ರೂಪಿಗೆ ಹಾಕುತ್ತಾರೆ, ಪ್ರೀತಿಯಿಂದಲೇ. ಅಲ್ಲಿಂದ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಫೋಟೋ ಅದರಲ್ಲಿದ್ದರೆ ನೆನೆದುಕೊಳ್ಳಲೂ ಹಿಂಸೆ ಆಗುತ್ತೆ. ಜನರನ್ನು ಹೆಸರು ಹಿಡಿದು ಸೇರಿಸಿ, ಲಿಂಕ್ ಬೇಡ. ಕೊಟ್ಟೇ ಕೊಡಬೇಕು ಅಂದರೆ ಎಲ್ಲರೂ ನೋಡಿದ ಮೇಲೆ ಆಫ್ ಮಾಡಿ. ಲೊಕೇಶನ್ ತೋರಿಸುವುದನ್ನೂ ಆಫ್ ಮಾಡಿ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಲಾಗಿನ್ ಹಾಕಿಕೊಳ್ಳಿ.

ಒಂದೇ ಕಂಪನಿಯಲ್ಲಿ ಎಲ್ಲಾ ಇಡಬೇಡಿ. ಅದಕ್ಕೂ ಕಾರಣ ಇದೆ. ಮಗನಿಗೆ ಆಗಿದ್ದ ಸೋಂಕಿನ ಫೋಟೋವನ್ನು ಡಾಕ್ಟರಿಗೆ ತೋರಿಸಲು ತೆಗೆದ ಅಮೆರಿಕದ ಒಬ್ಬ ತಂದೆಯ ಗೂಗಲ್ ಖಾತೆಯೇ, ಅದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ ಅಂತ ತಪ್ಪು ತಿಳಿದದ್ದರಿಂದ ಬಂದ್ ಆಯಿತು. ಪೊಲೀಸರು ತಪ್ಪಿಲ್ಲ ಅಂದರೂ ಖಾತೆ ವಾಪಸ್ ಸಿಗಲಿಲ್ಲ ಅಂತ 2022ರಲ್ಲಿ ಸುದ್ದಿಯಾಗಿತ್ತು. ಹಾಗಾಗಿ ವರ್ಷಕ್ಕೊಮ್ಮೆ ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಇಳಿಸಿ. ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ಕಳಸ, ಕೊಪ್ಪ ಕಡೆಯ ತೋಟದ ಮನೆಗಳಲ್ಲಿ ನೆಟ್ ನಿಧಾನ, ನಿಜ. ಮೊಬೈಲ್ ಡೇಟಾದಲ್ಲಿ ಅಪ್‌ಲೋಡ್ ಆಫ್ ಮಾಡಿ, ಪೇಟೆಯಲ್ಲಿರುವ ನೆಂಟರ ಮನೆಯ ಫೈಬರ್ ವೈಫೈಗೆ ರಾತ್ರಿಯಿಡೀ ಫೋನ್ ಹಾಕಿಡಿ. ಮುಗಿದಿದೆ ಅಂತ ಖಚಿತ ಆಗುವವರೆಗೆ ಫೋನಿನಿಂದ ಏನೂ ಅಳಿಸಬೇಡಿ. ಗೂಗಲ್ ಫೋಟೋಸ್ ಆ್ಯಪ್ ಒಳಗೆ ಡಿಲೀಟ್ ಒತ್ತಿದರೆ ಫೋನಿನದ್ದೂ ಹೋಗುತ್ತೆ, ಗೂಗಲ್‌ನಲ್ಲಿ ಇಟ್ಟದ್ದೂ ಹೋಗುತ್ತೆ. ಬ್ಯಾಕಪ್ ಆದದ್ದು ಬಿನ್‌ನಲ್ಲಿ 60 ದಿನ ಇರುತ್ತೆ, ಆಮೇಲೆ ಇಲ್ಲ. ಜಾಗ ಮಾಡಿಕೊಳ್ಳಲು ಒತ್ತಬೇಕಾದದ್ದು 'ಫ್ರೀ ಅಪ್ ಸ್ಪೇಸ್', ಅದು ಫೋನಿನದ್ದನ್ನು ಮಾತ್ರ ತೆಗೆಯುತ್ತೆ.

ಕೊನೆಯದಾಗಿ, ಹಿರಿಯರ ಫೋನು. ಅವರು ಹೋದ ಮೇಲೆ ಫೋನ್ ಲಾಕ್, ಖಾತೆ ಲಾಕ್, ಒಟಿಪಿ ಬರುವ ಸಿಮ್ಮಿಗೆ ರೀಚಾರ್ಜ್ ಇಲ್ಲ. ಬಳಸದೇ ಬಿಟ್ಟ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ರದ್ದು ಮಾಡಬಹುದು. ಗೂಗಲ್‌ನಲ್ಲಿ ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್, ಐಫೋನಿನಲ್ಲಿ ಲೆಗಸಿ ಕಾಂಟ್ಯಾಕ್ಟ್ ಅಂತ ಇದೆ, ನಮ್ಮ ನಂತರ ಖಾತೆಯಲ್ಲಿದ್ದದ್ದು ಯಾರಿಗೆ ಸಿಗಬೇಕು ಅಂತ ಮೊದಲೇ ಹೇಳಿಡುವ ಸೆಟ್ಟಿಂಗ್. ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ವಾರವೇ ಅದರಲ್ಲಿ ನಿಮ್ಮ ಹೆಸರು ಸೇರಿಸಿ. ಈಗಾಗಲೇ ಯಾರನ್ನಾದರೂ ಕಳೆದುಕೊಂಡಿದ್ದರೆ ಅವರ ಸಿಮ್ ರೀಚಾರ್ಜ್ ಮಾಡುತ್ತಾ ಇರಿ, ಫೋಟೋ ಪೂರ್ತಿ ಇಳಿಸಿಕೊಳ್ಳುವ ತನಕ. ಸೆಟ್ಟಿಂಗ್ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಕೆಳಗೆ ಕೇಳಿ, ಹೇಳುತ್ತೇನೆ.