ಮೈದುನನ ಮದುವೆಯಲ್ಲಿ ನಾನು ಕಳೆದುಕೊಂಡಿದ್ದು, ಮಗಳು ಕಳೆದುಕೊಂಡಿದ್ದು

ಸುಂಟಿಕೊಪ್ಪದ ಚಳಿಗೆ ಬೆಳಗ್ಗೆ ನಲ್ಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ನನಗೆ ಈಗಲೂ ಜುಮ್ ಅಂತ ನೆತ್ತಿಗೇರುತ್ತದೆ. ತಪ್ಪು ನನ್ನದೇ. ಮೈದುನನ ಮದುವೆಗೆ 15 ದಿನ ಇರುವಾಗ ಯಾವುದೋ ವಿಡಿಯೋ ನೋಡಿ, ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ದಿನಾ ಹಲ್ಲು ತಿಕ್ಕಿದೆ. ಮೊದಲ ನಾಲ್ಕು ದಿನ ಬೆಳ್ಳಗೆ ಕಂಡಿದ್ದು ನಿಜ. ಮದುವೆ ದಿನ ಮಾತ್ರ ಐಸ್‌ಕ್ರೀಮ್ ಕಪ್ ಹಿಡಿದುಕೊಂಡು ಸುಮ್ನೆ ಕೂತಿದ್ದೆ.

ಕುಶಾಲನಗರದ ಡಾಕ್ಟರು ನೋಡಿ, "ಅದನ್ನ ಪಾತ್ರೆ ತಿಕ್ಕೋಕೆ ಇಟ್ಕೊಳ್ಳಿ ಅಕ್ಕ" ಅಂದರು. ಹಲ್ಲಿನ ಮೇಲಿನ ಎನಾಮೆಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲವಂತೆ. ಅದರ ಕೆಳಗಿರುವ ಡೆಂಟಿನ್ ಇರುವುದೇ ಹಳದಿ. ಬಿಳಿ ಮಾಡಲು ಹೋಗಿ ಒಳಗಿನ ಹಳದಿಯನ್ನೇ ಹೊರಗೆ ತಂದುಕೊಂಡಿದ್ದೆ!

ಕ್ಲಿನಿಕ್‌ನಲ್ಲಿ ಮಾಡುವ ಬ್ಲೀಚಿಂಗ್ ಬೇರೆ. ಅದು ಪೆರಾಕ್ಸೈಡ್ ಕೆಲಸ, ಕಲೆ ತಿಳಿಯಾಗುತ್ತದೆ, ಆದರೆ ಕಾಯಂ ಅಲ್ಲ. ರೂಟ್ ಕೆನಾಲ್ ಮಾಡಿ ಹಾಕಿದ ಕ್ಯಾಪ್ ಇದ್ದ ಬಣ್ಣದಲ್ಲೇ ಉಳಿಯುತ್ತದೆ. ಮಾಡಿಸುವವರು ಮಾಡಿಸಲಿ. ಆದರೆ ದವಡೆಯಲ್ಲಿ ಹುಳುಕು ಹಲ್ಲು ಇಟ್ಟುಕೊಂಡು, ಅದಕ್ಕೆ ಲವಂಗ ಒತ್ತಿಕೊಂಡು, ಮುಂದಿನ ನಾಲ್ಕು ಹಲ್ಲಿಗೆ ದುಡ್ಡು ಸುರಿಯುವುದು ಯಾವ ಲೆಕ್ಕ? ವಿರಾಜಪೇಟೆಯಲ್ಲಿ 1999ರಿಂದ ಡೆಂಟಲ್ ಕಾಲೇಜೇ ಇದೆ. ಆದರೂ ಕೆನ್ನೆ ಊದದೆ ನಮ್ಮ ಜನ ಆ ಕಡೆ ತಲೆ ಹಾಕುವುದಿಲ್ಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಸಡಿಲ ಮಾಡುವುದು ಒಸಡಿನ ಬುಡದಲ್ಲಿ ಕಟ್ಟಿಕೊಂಡ ಪಾಚಿ.

ಕಾಫಿ ಬಿಡಿ ಅಂತ ಡಾಕ್ಟರು ಹೇಳಲಿಲ್ಲ (ಹೇಳಿದ್ದರೂ ಬಿಡುತ್ತಿರಲಿಲ್ಲ). ದಿನಕ್ಕೆ ಆರು ಸಲ ಬೆಲ್ಲದ ಕಾಫಿ ಅಂದಾಗ ಮಾತ್ರ ಮುಖ ನೋಡಿದರು. ಒಂದೇ ಸಲ ಸಿಹಿ ತಿನ್ನುವುದಕ್ಕಿಂತ ದಿನವಿಡೀ ಗುಟುಕು ಗುಟುಕಾಗಿ ಸಿಹಿ ಹೀರುವುದೇ ಹಲ್ಲಿಗೆ ಜಾಸ್ತಿ ಕೆಡುಕಂತೆ. ಕಿತ್ತಳೆ, ಕಾಚಂಪುಳಿಯಂಥ ಹುಳಿ ತಿಂದ ಕೂಡಲೇ ಬ್ರಷ್ ಹಿಡಿಯಬಾರದು, ಅರ್ಧ ಗಂಟೆಯಾದರೂ ಬಿಡಬೇಕು.

ಇನ್ನು ಮಗಳದ್ದು. ಉಬ್ಬು ಹಲ್ಲಿಗೆ ಎರಡು ವರ್ಷ ಕ್ಲಿಪ್ ಹಾಕಿಸಿದ್ದೆವು. ತಿಂಗಳಿಗೊಮ್ಮೆ ಬಸ್ಸು, ತಂತಿ ಬಿಗಿ, ಎರಡು ದಿನ ಮೆತ್ತಗಿನ ಕಡುಬು. ಹಲ್ಲು ಸರಿಯುವ ಕಡೆ ಮೂಳೆ ಕರಗಿ, ಬಿಟ್ಟುಬಂದ ಕಡೆ ಹೊಸದು ತುಂಬಬೇಕು, ಅವಸರ ಮಾಡುವಂತಿಲ್ಲ. ಕ್ಲಿಪ್ ಬಿಚ್ಚಿದ ದಿನ ಮುಗಿಯಿತು ಅಂದುಕೊಂಡೆವು. ಆಮೇಲೆ ಹಲ್ಲು ಮತ್ತೆ ಹಳೇ ಜಾಗಕ್ಕೆ ಸರಿಯದ ಹಾಗೆ ಹಾಕಿಕೊಳ್ಳುವ ರಿಟೈನರ್ ನಮಗೆ ಉಚಿತವಾಗಿ ಕೊಟ್ಟ ಡಬ್ಬಿಯ ಹಾಗೆ ಕಂಡಿತ್ತು. ಅದೇ ಮದುವೆಯಲ್ಲಿ ಊಟಕ್ಕೆ ಕೂತವಳು ಅದನ್ನು ತೆಗೆದು ಎಲೆ ತುದಿಯಲ್ಲಿಟ್ಟಳು. ಪಾಯಸ ಮುಗಿಸಿ ಎಲೆ ಮಡಚಿ ಎದ್ದು ಬಂದಳು. ಕೈ ತೊಳೆಯುವಾಗ ನೆನಪಾಗಿ ಓಡಿದೆವು. ಎಲೆಗಳೆಲ್ಲ ಆಗಲೇ ಗುಂಡಿ ಸೇರಿದ್ದವು.

ಮೂರು ತಿಂಗಳು ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಹೊಸದು ಮಾಡಿಸಲಿಲ್ಲ. ಅಷ್ಟರಲ್ಲಿ ಮುಂದಿನ ಒಂದು ಹಲ್ಲು ವಾಲಿತ್ತು. ಎರಡು ವರ್ಷ ಕಂತು ಕಟ್ಟಿದವರಿಗೆ ಇದೊಂದಕ್ಕೆ ದುಡ್ಡು ಕೊಡಲು ಮನಸ್ಸು ಬರಲಿಲ್ಲ ನೋಡಿ.

ಈಗ ಹೊಸದು ಬಂದಿದೆ, ಕೆಂಪು ಡಬ್ಬಿಯಲ್ಲಿ. ರಾತ್ರಿ ಅತ್ತೆ ತಮ್ಮ ಹಲ್ಲುಸೆಟ್ ಬಿಚ್ಚಿ ಲೋಟದ ನೀರಿಗೆ ಹಾಕುತ್ತಾ, ಬೊಚ್ಚು ಬಾಯಲ್ಲಿ ಕೂಗುತ್ತಾರೆ: "ನಂದು ತೆಗ್ದಾಯ್ತು, ನಿಂದು ಹಾಕ್ಕೊಂಡ್ಯಾ ಪುಟ್ಟಿ?"