ಮಾಸ್ಕ್ ಇರುವಾಗ ಇರೇಸರ್ ಯಾಕ್ರೀ?

ಬಂತು ನೋಡಿ ಇವತ್ತು ಇನ್ನೊಂದು ಪಿಎಸ್‌ಡಿ, ಅಂದರೆ ಫೋಟೋಶಾಪ್ ಫೈಲ್. ಕೂದಲ ಸುತ್ತ ಇರೇಸರ್‌ನಲ್ಲಿ ಉಜ್ಜಿ ಉಜ್ಜಿ, ಸೇವ್ ಮಾಡಿ, ಮುಚ್ಚಿಬಿಟ್ಟಿದ್ದಾರೆ. ಈಗ "ಎಡಗಡೆ ಜಡೆ ವಾಪಸ್ ಬೇಕು" ಅಂತೆ. ಎಲ್ಲಿಂದ ತರೋಣ ಸ್ವಾಮಿ? ಅಳಿಸಿದ ಪಿಕ್ಸೆಲ್‌ಗೆ ಪುನರ್ಜನ್ಮ ಇದೆಯೇ? ಲೇಯರ್ ಮಾಸ್ಕ್ (ಚಿತ್ರ ಅಳಿಸದೆ, ಕಪ್ಪು ಬಳಿದಲ್ಲಿ ಮರೆಸಿ ಬಿಳಿ ಬಳಿದಲ್ಲಿ ತೋರಿಸುವ ಪರದೆ) ಹಾಕಿದ್ದರೆ ಬಿಳಿ ಬ್ರಷ್ ಎರಡು ಸಲ ಎಳೆದರೆ ಸಾಕಿತ್ತು, ಜಡೆ ಹಾಗೇ ಎದ್ದು ಬರುತ್ತಿತ್ತು.

ಮಾಸ್ಕ್ ಹಾಕುವವರೇನು ಕಮ್ಮಿಯೇ? ಸೆಲೆಕ್ಟ್ ಆಗಿರೋದು ಮಾಸ್ಕ್‌ನದ್ದಲ್ಲ, ಪಕ್ಕದ ಚಿತ್ರದ ಥಂಬ್‌ನೇಲ್ (ಪುಟ್ಟ ಪ್ರತಿರೂಪ), ಇವರು ಬಳಿಯೋದು ಕಪ್ಪು. ಮುಖಕ್ಕೇ ಮಸಿ! ಆ ಸಣ್ಣ ಚೌಕಟ್ಟು ಯಾವುದರ ಸುತ್ತ ಇದೆ ಅಂತ ನೋಡೋಕೂ ದುರ್ಬೀನು ಬೇಕಾ?

ಅದಕ್ಕಿಂತ ದೊಡ್ಡ ಕಾಟ 90% ಒಪ್ಯಾಸಿಟಿ (ಬಣ್ಣ ಎಷ್ಟು ಗಟ್ಟಿಯಾಗಿ ಕೂರುತ್ತೆ ಅನ್ನೋ ಅಳತೆ) ಬ್ರಷ್‌ನವರದ್ದು. ಒಂದೇ ಸಲ ಬಳಿದು ಹಿನ್ನೆಲೆ ಮಾಯ ಅಂದುಕೊಳ್ಳುತ್ತಾರೆ. ಮಾಸ್ಕ್‌ನಲ್ಲಿ ಅದು ಕಪ್ಪಲ್ಲ, ಬೂದು. ಹಳೇ ಹಿನ್ನೆಲೆ ಹತ್ತನೇ ಒಂದು ಪಾಲು ಉಳಿದೇ ಇರುತ್ತೆ. ಬಿಳಿ ಮೇಲೆ ಗೊತ್ತಾಗಲ್ಲ. ಕೆಳಗೆ ಕಡುನೀಲಿ ಇಟ್ಟ ಕೂಡಲೇ ಸುತ್ತಲೂ ಕೊಳೆ. ಆಲ್ಟ್ ಒತ್ತಿ ಮಾಸ್ಕ್ ಥಂಬ್‌ನೇಲ್ ಕ್ಲಿಕ್ ಮಾಡಿದರೆ ಆ ಬೂದು ಮೋಡವೆಲ್ಲ ಕಣ್ಣೆದುರಿಗೇ ಕಾಣುತ್ತೆ. ಯಾರು ಒತ್ತುತ್ತಾರೆ?

ಲೇಯರ್ ಹೆಸರು ಕೇಳಲೇಬೇಡಿ: 'ಲೇಯರ್ 14 ಕಾಪಿ 3'. ಮೇಲಿಂದ ಎಲ್ಲದಕ್ಕೂ ಫೆದರ್ (ಅಂಚು ಮಸುಕು ಮಾಡೋದು) 20. ಕೂದಲಿಗೂ 20, ಕಿವಿಯೋಲೆಗೂ 20, ಕಟ್ಟಡದ ಮೂಲೆಗೂ 20!